ಕುಟುಂಬ ಯೋಜನೆಯೂ ಶ್ರಾವಕನ ವಿವೇಕವೂ

'ನಿರೋಧ' ಎಂಬ ಪದವನ್ನು ನಾನು ಮೊದಲು ಕಂಡದ್ದು ಶಾಸ್ತ್ರಗ್ರಂಥದಲ್ಲಲ್ಲ, ಶಿಕಾರಿಪುರದ ನಮ್ಮ ತಂದೆಯವರ ದಿನಸಿ ಅಂಗಡಿಯಲ್ಲಿ. ಚಹಾಪುಡಿಯ ಕಂಪನಿಯವರು ತಂದಿರಿಸಿ ಹೋಗುತ್ತಿದ್ದ ಸಣ್ಣ ಪೊಟ್ಟಣಗಳ ಮೇಲೆ ಆ ಹೆಸರಿತ್ತು. ಅದೇನೆಂದು ಕೇಳಿದ್ದಕ್ಕೆ ತಂದೆಯವರು ಉತ್ತರ ಕೊಡದೆ ಬೆಲ್ಲ ತೂಗಲು ಕಳಿಸಿದರು. ಮುಂದೆ ಸ್ವಾಧ್ಯಾಯಕ್ಕೆ ತೊಡಗಿದಾಗ ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದ ಪ್ರಾರಂಭದಲ್ಲಿಯೇ, ಸಂವರ ತತ್ತ್ವವನ್ನು ನಿರೂಪಿಸುವಲ್ಲಿ, ಅದೇ ಪದ ಎದುರಾಯಿತು. ಕರ್ಮದ ಒಳಹರಿವನ್ನು ತಡೆಯುವುದು ಅಲ್ಲಿನ ಅರ್ಥ. ಸರ್ಕಾರದವರು ಈ ಹೆಸರನ್ನು ಆಯ್ದುಕೊಂಡಾಗ ನಮ್ಮ ಆಚಾರ್ಯರನ್ನು ನೆನೆದಿರಲಾರರು. ಮೊದಲು 'ಕಾಮರಾಜ' ಎಂದು ಹೆಸರಿಡಲು ಹೊರಟಿದ್ದರಂತೆ. ಕಾಂಗ್ರೆಸ್ಸಿನ ಅಧ್ಯಕ್ಷರ ಹೆಸರೂ ಅದೇ ಆಗಿದ್ದುದರಿಂದ ಕೈಬಿಟ್ಟರೆಂದು ಹೇಳುತ್ತಾರೆ.

ಈ ಪೊಟ್ಟಣ ಕಿರಾಣಿ ಅಂಗಡಿಗೆ ಬಂದ ಬಗೆಯನ್ನು ವಾಚಕರು ಗಮನಿಸಬೇಕೆಂದು ನನ್ನ ಅಪೇಕ್ಷೆ. ಅದು ಉಪದೇಶದಿಂದ ಬಂದುದಲ್ಲ, ಸಂಶೋಧನೆಯಿಂದ ಬಂದುದು. 1960ರ ದಶಕದಲ್ಲಿ ಕಲ್ಕತ್ತೆಯ ಭಾರತೀಯ ಮ್ಯಾನೇಜ್‌ಮೆಂಟ್ ಸಂಸ್ಥೆಯ ವಿದ್ವಾಂಸರು ಒಂದು ಸರಳ ಪ್ರಶ್ನೆಯನ್ನು ಕೈಗೆತ್ತಿಕೊಂಡರು: ಹಳ್ಳಿಯವನು ಆಸ್ಪತ್ರೆಗೆ ಬರುವುದಿಲ್ಲ ಸರಿ, ಆದರೆ ಅವನು ನಿತ್ಯವೂ ಎಲ್ಲಿಗೆ ಹೋಗುತ್ತಾನೆ? ಚಹಾ, ಸಾಬೂನು, ಬ್ಯಾಟರಿ ಮಾರುವ ಅಂಗಡಿಗೆ. ಹಾಗಾದರೆ ಅದೇ ಕಂಪನಿಗಳ ವಿತರಣಾ ಜಾಲವನ್ನೇ ಬಳಸಬಾರದೇಕೆ ಎಂದು ಅವರು ಸಲಹೆಯಿತ್ತರು. 1968ರಲ್ಲಿ ಬ್ರೂಕ್ ಬಾಂಡ್, ಲಿಪ್ಟನ್, ಹಿಂದೂಸ್ತಾನ್ ಲಿವರ್ ಮೊದಲಾದ ಕಂಪನಿಗಳ ಮೂಲಕ ಮೂರಕ್ಕೆ 15 ಪೈಸೆಯಂತೆ ಮಾರಾಟ ಆರಂಭವಾಯಿತು. ಬಿ.ಕಾಂ. ತರಗತಿಯಲ್ಲಿ ವಿತರಣಾ ವ್ಯವಸ್ಥೆಯ ಪಾಠವನ್ನು ಓದಿದವನಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ನಮ್ಮ ನಾಡಿನಲ್ಲಿ ಈ ವಿಚಾರ ಅದಕ್ಕೂ ಬಹಳ ಹಿಂದಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರಲ್ಲಿಯೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಸರ್ಕಾರವೊಂದು ತಾನಾಗಿ ನಡೆಸಿದ ಇಂತಹ ಚಿಕಿತ್ಸಾಲಯಗಳಲ್ಲಿ ಪ್ರಪಂಚಕ್ಕೇ ಇವು ಮೊದಲಿನವೆಂದು ಹೇಳುವ ವಾಡಿಕೆಯಿದೆ. ಇಪ್ಪತ್ತು ವರ್ಷಗಳ ತರುವಾಯ, 1951-52ರಲ್ಲಿ, ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಸೇರಿ ಇದೇ ಮೈಸೂರು ರಾಜ್ಯದಲ್ಲಿ ಮನೆಮನೆಗೆ ಹೋಗಿ ಜನಸಂಖ್ಯಾ ಅಧ್ಯಯನವನ್ನು ನಡೆಸಿದವು. ಅದರ ವರದಿ 1961ರಲ್ಲಿ ಪ್ರಕಟವಾಯಿತು. ಹಳ್ಳಿಯವರು ಮಕ್ಕಳನ್ನು ದೈವಚಿತ್ತಕ್ಕೆ ಬಿಟ್ಟುಬಿಡುತ್ತಾರೆ, ಅವರಿಗೆ ಈ ವಿಷಯದಲ್ಲಿ ಅಭಿಪ್ರಾಯವೇ ಇಲ್ಲ ಎಂದು ಪಟ್ಟಣದ ವಿದ್ಯಾವಂತರು ನಂಬಿದ್ದ ಕಾಲವದು. ಆದರೆ ಕೇಳಿದಾಗ ಅಭಿಪ್ರಾಯವಿತ್ತು. ತಿಳಿದುಕೊಳ್ಳುವ ಇಚ್ಛೆಯೂ ಅನೇಕರಲ್ಲಿ ಕಂಡುಬಂತು. ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ಅದೇ ಕಾಲದ ರಾಮನಗರದ ಪ್ರಯೋಗ ಇನ್ನೂ ಬೋಧಪ್ರದವಾದುದು. ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿಗಳು. ಗಾಂಧೀಜಿಯವರಾದರೋ 1935ರ ಡಿಸೆಂಬರಿನಲ್ಲಿ ವಾರ್ಧಾಕ್ಕೆ ಬಂದ ಅಮೆರಿಕದ ಮಾರ್ಗರೆಟ್ ಸ್ಯಾಂಗರ್ ಅವರೊಡನೆ ಚರ್ಚಿಸುವಾಗಲೂ ಸಂಯಮವಲ್ಲದೆ ಬೇರೆ ಸಾಧನಗಳನ್ನು ಒಪ್ಪಿದವರಲ್ಲ. ಸಚಿವೆಯವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ ಡಾ. ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ತಿಂಗಳ ಕೆಲವು ದಿನ ದೂರವಿರುವ ವಿಧಾನವನ್ನು ದೆಹಲಿಯ ಲೋದಿ ಕಾಲನಿಯಲ್ಲಿಯೂ ನಮ್ಮ ರಾಮನಗರದಲ್ಲಿಯೂ ಪರೀಕ್ಷಿಸಲಾಯಿತು. ದಿನಕ್ಕೊಂದರಂತೆ ಸರಿಸುತ್ತ ಹೋಗಲು ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರವನ್ನು ಕೊಟ್ಟರು. ಕಲಿಯಲು ಮುಂದೆ ಬಂದವರು ಬಹಳ, ಕೊನೆಯವರೆಗೆ ಪಾಲಿಸಿದವರು ಕೆಲವರು ಮಾತ್ರ. ಮಣಿಗಳನ್ನು ಎಣಿಸುವ ಕೈ ಹೆಂಡತಿಯದು. ದೂರವಿರುವ ನಿರ್ಧಾರ ಅವಳೊಬ್ಬಳದಾಗಿರಲಿಲ್ಲ.

ನಮ್ಮ ಸಮಾಜದ ಕೆಲವು ಹಿರಿಯರು 'ಬ್ರಹ್ಮಚರ್ಯಾಣುವ್ರತವಿರುವಾಗ ಬೇರೆ ಸಾಧನವೇಕೆ?' ಎಂದು ಕೇಳುವುದುಂಟು. ವ್ರತದ ಮಹಿಮೆಯನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ವ್ರತವೆಂಬುದು ಸ್ವೀಕರಿಸಿದವನ ಮೇಲೆ ಮಾತ್ರ ಹೊಣೆಯಾಗುವಂತಹುದು. ಗಂಡ ಸ್ವೀಕರಿಸದ ವ್ರತದ ಭಾರವನ್ನು ಹೆಂಡತಿಯ ಗರ್ಭದ ಮೇಲೆ ಹೊರಿಸುವುದು ಯಾವ ಶ್ರಾವಕಾಚಾರದಲ್ಲಿಯೂ ಹೇಳಿದ ಮಾತಲ್ಲ. ಗರ್ಭ ನಿಂತ ಮೇಲೆ ತೆಗೆಸುವ ಪ್ರಶ್ನೆ ಬೇರೆ. ಅಲ್ಲಿ ಜೀವದಯೆಯ ವಿಚಾರ ಎದುರಾಗುತ್ತದೆ. ಆ ಸಂಕಟಕ್ಕೆ ಎಡೆಗೊಡದಂತೆ ಮೊದಲೇ ತಡೆಯುವ ಉಪಾಯವನ್ನು ಬಯಸುವ ಸ್ತ್ರೀಗೆ ಒದಗಿಸುವುದು ಅಹಿಂಸೆಗೆ ಹತ್ತಿರವೇ ಹೊರತು ದೂರವಲ್ಲವೆಂದು ನನ್ನ ಅಲ್ಪಮತಿಗೆ ತೋರುತ್ತದೆ.

1973ರಲ್ಲಿ ವಿಶ್ವಬ್ಯಾಂಕ್ ಮತ್ತು ಸ್ವೀಡನ್ ದೇಶದ ನೆರವಿನಿಂದ ಭಾರತ ಜನಸಂಖ್ಯಾ ಯೋಜನೆ ಪ್ರಾರಂಭವಾದಾಗ ಕರ್ನಾಟಕದಲ್ಲಿ ಆಗಿನ ಬೆಂಗಳೂರು ವಿಭಾಗದ ಐದು ಜಿಲ್ಲೆಗಳನ್ನು ಆರಿಸಿಕೊಂಡರು, ಶಿವಮೊಗ್ಗವೂ ಅವುಗಳಲ್ಲೊಂದು. ಆರೋಗ್ಯ ಕೇಂದ್ರ, ಉಪಕೇಂದ್ರಗಳ ಕಟ್ಟಡ ಮತ್ತು ಸಹಾಯಕಿಯರ ವಸತಿಗೆ ಹಣ ಬಂದದ್ದು ಈ ಬಾಬಿನಿಂದ. ಬೆಂಗಳೂರಿನ ಜನಸಂಖ್ಯಾ ಕೇಂದ್ರ ಹುಟ್ಟಿದ್ದೂ ಇದರಿಂದಲೇ. ಆದರೆ ಎರಡೇ ವರ್ಷಗಳಲ್ಲಿ ತುರ್ತುಪರಿಸ್ಥಿತಿ ಬಂತು. ನಾನಾಗ ಪ್ರೌಢಶಾಲೆಯ ವಿದ್ಯಾರ್ಥಿ. ಉಪಾಧ್ಯಾಯರೂ 'ಕೇಸು' ತರಬೇಕೆಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿತ್ತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮೀರಿ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ಬಹುಪಾಲು ಗಂಡಸರವು. ಬಲವಂತದ ಫಲವೇನಾಯಿತೆಂದರೆ, ಆ ಬಳಿಕ ಗಂಡಸರು ಅತ್ತ ಸುಳಿಯಲೇ ಇಲ್ಲ, ಇಡೀ ಭಾರ ಹೆಂಗಸರ ಮೇಲೆ ಬಿತ್ತು. ಇಲಾಖೆಯ ಹೆಸರು 'ಕುಟುಂಬ ಕಲ್ಯಾಣ' ಎಂದು ಬದಲಾಯಿತು.

ಇಷ್ಟು ಓದಿನ ಮಾತು. ನಾನು ಈ ವಿಷಯದಲ್ಲಿ ಕೈಹಾಕಿದ್ದು ಬೇರೊಂದು ಕಾರಣದಿಂದ. ಅಡಿಕೆ ಸುಗ್ಗಿಯಲ್ಲಿ ನಮ್ಮ ಕಣಕ್ಕೆ ಸುಲಿಯಲು ಸೊರಬದ ಕಡೆಯ ಹೆಣ್ಣುಮಕ್ಕಳು ಬರುತ್ತಾರೆ. ಅವರಲ್ಲೊಬ್ಬಳು, ಕೈಗೂಸಿನ ತಾಯಿ, ನನ್ನ ಧರ್ಮಪತ್ನಿಯ ಬಳಿ ಹೇಳಿದ ಮಾತು ಹೀಗಿತ್ತು: 'ಅಮ್ಮಾವ್ರೆ, ಮಕ್ಕಳೇ ಬ್ಯಾಡ ಅಂತಲ್ಲ. ಎರಡು ವರ್ಷ ತಡೀಬೇಕು, ಅಷ್ಟೆ. ಹೋದ್ರೆ ಆಪರೇಷನ್ ಮಾಡಿಸ್ಕೊ ಅಂತಾರೆ, ಇಲ್ಲಾಂದ್ರೆ ಸೂಜಿ ಮುಗಿದೈತೆ ಅಂತಾರೆ.' ಅವಳು ಹೇಳಿದ ಸೂಜಿ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ 'ಅಂತರಾ'. 2017ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ಕೊಡಲು ತೊಡಗಿದರು. ಅದರೊಡನೆ ವಾರದ ಮಾತ್ರೆ 'ಛಾಯಾ' ಕೂಡ ಬಂತು. ಇದು ಲಖನೌದ ನಮ್ಮದೇ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧವಾದುದು.

ಒಂದು ಸರ್ಕಾರಿ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ನನಗೂ ಸ್ಥಾನವಿದ್ದುದರಿಂದ ದಾಸ್ತಾನು ವಹಿಯನ್ನು ನೋಡಬಹುದೇ ಎಂದು ಕೇಳಿದೆ. ತೋರಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಕಳ್ಳತನವಾಗಲಿ ಪೋಲಾಗಲಿ ಇರಲಿಲ್ಲ. ದೋಷವಿದ್ದದ್ದು ಲೆಕ್ಕದ ಹಿಂದಿನ ತರ್ಕದಲ್ಲಿ. ಕಳೆದ ವರ್ಷ ಎಷ್ಟು ಖರ್ಚಾಯಿತೋ ಅದನ್ನು ನೋಡಿ ಈ ವರ್ಷದ ಬೇಡಿಕೆಪಟ್ಟಿಯನ್ನು ಬರೆಯುತ್ತಿದ್ದರು. ಕಳೆದ ವರ್ಷ ಖರ್ಚು ಕಡಿಮೆಯಾದದ್ದಾದರೂ ಏಕೆ? ಕೆಲವು ತಿಂಗಳು ಮಾಲೇ ಇರಲಿಲ್ಲ. ಇಲ್ಲದ ತಿಂಗಳಲ್ಲಿ ವಿತರಣೆ ಸೊನ್ನೆ. ಆ ಸೊನ್ನೆಯನ್ನು 'ಬೇಡಿಕೆಯಿಲ್ಲ' ಎಂದು ಓದಿ ಮುಂದಿನ ವರ್ಷ ಇನ್ನಷ್ಟು ಕಡಿಮೆ ತರಿಸುವುದು. ಮಳೆಗಾಲದಲ್ಲಿ ಛತ್ರಿ ತರಿಸದ ಅಂಗಡಿಯವನು 'ಈ ಊರಿನವರು ಛತ್ರಿ ಕೊಳ್ಳುವುದಿಲ್ಲ' ಎಂದು ಬರೆದಿಟ್ಟುಕೊಂಡ ಹಾಗಾಯಿತು. ಅಂಗಡಿಯಲ್ಲಿ ಮಾಲಿಲ್ಲದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಇಲ್ಲಿ ಮೂರನೆಯ ತಿಂಗಳು ಸೂಜಿ ಸಿಕ್ಕದ ಹೆಣ್ಣುಮಗಳಿಗೆ ಪಕ್ಕದ ಅಂಗಡಿಯಿಲ್ಲ; ಅವಳು ಬಸಿರಾಗುತ್ತಾಳೆ.

ಇದನ್ನು ಸಭೆಯಲ್ಲಿ ಕೋಪವಿಲ್ಲದೆ ಹೇಳಿದೆ. ಕೇಳಿ ಬಂದು ಬರಿಗೈಯಲ್ಲಿ ಹಿಂತಿರುಗಿದವರ ಸಂಖ್ಯೆಯನ್ನೂ ಮಾಲಿಲ್ಲದ ದಿನಗಳನ್ನೂ ಪ್ರತ್ಯೇಕ ಅಂಕಣದಲ್ಲಿ ಬರೆಯಬೇಕೆಂದು ಕೋರಿದೆ. 'ಇದು ನಮೂನೆಯಲ್ಲಿಲ್ಲ' ಎಂಬ ಆಕ್ಷೇಪಣೆ ಬಂತು. ನಮೂನೆಯ ಅಂಚಿನಲ್ಲಿ ಬರೆಯಿರಿ ಎಂದೆ. ಹಿರಿಯ ಆರೋಗ್ಯ ಸಹಾಯಕಿಯೊಬ್ಬರು ಮರುದಿನದಿಂದಲೇ ಬರೆಯತೊಡಗಿದರು. ಎರಡು ತ್ರೈಮಾಸಿಕಗಳ ಅಂಕಿಗಳೊಡನೆ ಜಿಲ್ಲೆಗೆ ಪತ್ರ ಹೋಯಿತು, ಪೂರೈಕೆ ಹೆಚ್ಚಾಯಿತು. ಅಷ್ಟರಲ್ಲಿ ಆ ತಾಯಿ ಮತ್ತೆ ಗರ್ಭಿಣಿಯಾಗಿದ್ದಳು. ಮರುವರ್ಷ ಸುಗ್ಗಿಗೆ ಅವಳು ಬರಲಿಲ್ಲ.

ಅಂಕಿಯೂ ಅಹವಾಲೂ ಒಟ್ಟಿಗೆ ನಡೆದರೆ ದೊಡ್ಡ ಕೆಲಸವೂ ಆಗುತ್ತದೆ. 2012ರ ಜನವರಿಯಲ್ಲಿ ಬಿಹಾರದ ಅರಾರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ಸುಮಾರು ಎರಡು ಗಂಟೆಗಳಲ್ಲಿ 53 ಸ್ತ್ರೀಯರಿಗೆ ಶಸ್ತ್ರಚಿಕಿತ್ಸೆ ಮಾಡಿದ್ದನ್ನು ದೇವಿಕಾ ಬಿಸ್ವಾಸ್ ಎಂಬ ಕಾರ್ಯಕರ್ತೆ ವಿವರಗಳೊಡನೆ ಸುಪ್ರೀಂ ಕೋರ್ಟಿನ ಮುಂದಿಟ್ಟರು. ಮೊಕದ್ದಮೆ ನಡೆಯುತ್ತಿರುವಾಗಲೇ, 2014ರ ನವೆಂಬರಿನಲ್ಲಿ, ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ 13 ಮಂದಿ ತಾಯಂದಿರು ಪ್ರಾಣ ಬಿಟ್ಟರು. 2016ರ ಸೆಪ್ಟೆಂಬರಿನ ತೀರ್ಪು ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸುವಂತೆ ಆದೇಶಿಸಿತು. ಶಸ್ತ್ರಚಿಕಿತ್ಸೆಯೇ ಬೇಡವೆಂದಲ್ಲ, ಸುರಕ್ಷಿತವಾಗಿರಲಿ, ಬೇರೆ ಆಯ್ಕೆಗಳೂ ಇರಲಿ ಎಂಬುದು ಅದರ ಆಶಯ.

ನಮ್ಮ ರಾಜ್ಯಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಸ್ತ್ರೀಯೊಬ್ಬಳ ಸರಾಸರಿ ಸಂತಾನ 1.7. ಗುರಿ ಮುಟ್ಟಿದೆವೆಂದು ಹಲವರು ಕೈತೊಳೆದುಕೊಂಡಿದ್ದಾರೆ. ಆದರೆ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಶಸ್ತ್ರಚಿಕಿತ್ಸೆಯನ್ನೇ ನೆಚ್ಚಿದ್ದಾರೆ. ಪುರುಷರ ಪಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಸರಾಸರಿ ಇಳಿದ ಮಾತ್ರಕ್ಕೆ ಅಂತರ ಬಯಸುವವಳಿಗೆ ಅಂತರ ಸಿಕ್ಕಿತೆಂದು ಅರ್ಥವಲ್ಲ.

ಇನ್ನು ನಮ್ಮ ಸಮಾಜದ ಮಾತು. ಅದೇ ಸಮೀಕ್ಷೆಯಂತೆ ದೇಶದ ಜೈನರ ಸರಾಸರಿ 1.6. 2017ರಲ್ಲಿ ಉತ್ತರದ ಒಂದು ಜೈನ ಸಂಘಟನೆ ಮೂರು ಮಕ್ಕಳನ್ನು ಹೆರುವಂತೆ ಕರೆಕೊಟ್ಟಿತು. ನಮ್ಮ ಕಡೆಯೂ ಅಂತಹ ಮಾತು ಆಗಾಗ ಏಳುತ್ತದೆ. ಸಮಾಜ ಕ್ಷೀಣಿಸುವ ಚಿಂತೆ ನನಗೂ ಇದೆ. ಆದರೆ ತುರ್ತುಪರಿಸ್ಥಿತಿಯಲ್ಲಿ 'ಹೆರಬೇಡ' ಎಂದು ಒತ್ತಾಯಿಸಿದ್ದು ತಪ್ಪಾದರೆ, ಇಂದು 'ಹೆರು' ಎಂದು ಒತ್ತಾಯಿಸುವುದು ಯಾವ ನ್ಯಾಯ? ನಾವು ಆ ಕರೆಯನ್ನು ಸಭೆಯಲ್ಲಿ ಕೊಡುವಾಗ ವೇದಿಕೆಯ ಮೇಲೆ ಸ್ತ್ರೀಯರು ಎಷ್ಟು ಮಂದಿ ಇರುತ್ತಾರೆಂಬುದನ್ನೂ ಎಣಿಸಬೇಕು.

ಹಿಂದೆ ಗೋಡೆಗಳ ಮೇಲೆ 'ಆರತಿಗೊಬ್ಬಳು, ಕೀರ್ತಿಗೊಬ್ಬ' ಎಂದು ಕೆಂಪು ತ್ರಿಕೋನದೊಡನೆ ಬರೆದಿರುತ್ತಿತ್ತು. ಕೀರ್ತಿ ಗಂಡಿನದೇ ಏಕಾಗಬೇಕು? ನಮ್ಮ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಗೆ ಹೋದವರಿಗೆ ಜಕ್ಕಿಯಬ್ಬೆಯ ಹೆಸರು ತಿಳಿದಿರುತ್ತದೆ. ರಾಷ್ಟ್ರಕೂಟರ ಕಾಲದಲ್ಲಿ, ಪತಿ ಗತಿಸಿದ ಬಳಿಕ 911ರಲ್ಲಿ ನಾಗರಖಂಡ ಎಪ್ಪತ್ತರ ಅಧಿಕಾರವನ್ನು ವಹಿಸಿಕೊಂಡ ಜಿನಭಕ್ತೆ. ರೋಗಗ್ರಸ್ತಳಾದಾಗ ಆ ಹೊಣೆಯನ್ನು ಮಗಳಿಗೆ ಒಪ್ಪಿಸಿ ಬಸದಿಯಲ್ಲಿ ಸಲ್ಲೇಖನ ಸ್ವೀಕರಿಸಿದಳೆಂದು ಶಾಸನ ಹೇಳುತ್ತದೆ. ಗಂಡು ಹುಟ್ಟಲಿ ಎಂದು ಮೂರನೆಯ, ನಾಲ್ಕನೆಯ ಗರ್ಭಕ್ಕೆ ಸೊಸೆಯನ್ನು ನೂಕುವ ಅತ್ತೆಯರಿಗೆ ನಾನು ಈ ಕಥೆಯನ್ನು ಹೇಳುವುದುಂಟು. ಕೆಲವರು ಕೇಳುತ್ತಾರೆ, ಕೆಲವರು 'ಅದು ಅರಸರ ಕಾಲದ ಮಾತು ಬಿಡಿ' ಎನ್ನುತ್ತಾರೆ.

ಸಮಿತಿಯಲ್ಲಿ ಈಗ ಉಳಿದಿರುವುದು ಗಂಡಸರ ವಿಷಯ. ಎನ್.ಎಸ್.ವಿ. ಎಂಬ ಹೊಲಿಗೆಯಿಲ್ಲದ ಶಸ್ತ್ರಚಿಕಿತ್ಸೆ ಹೆಂಗಸರದಕ್ಕಿಂತ ಸುಲಭ, ಅಪಾಯವೂ ಕಡಿಮೆ. ಅದೇ ದಿನ ಮನೆಗೆ ಹೋಗಬಹುದು. ಅದನ್ನು ತಿಳಿಸಿಕೊಡಲು ವರ್ತಕರ ಸಂಘದಲ್ಲಿ ವೈದ್ಯರಿಂದ ಒಂದು ಉಪನ್ಯಾಸವನ್ನು ಏರ್ಪಡಿಸೋಣವೆಂದು ಸೂಚಿಸಿದೆ. ಸದಸ್ಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು, ಒಬ್ಬರು ನಕ್ಕರು, ವಿಷಯ ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಯ ಸೂಚನಾಪತ್ರದಲ್ಲಿ ಅದು ಬಿಟ್ಟುಹೋಗಿತ್ತು. ಮತ್ತೆ ಸೇರಿಸಬೇಕೆಂದು ಲಿಖಿತವಾಗಿ ಕೊಟ್ಟಿದ್ದೇನೆ.