ಬೇಡ ಅಂದಿದ್ದೆ, ಆದರೂ ಅದಕ್ಕೆ ಊರು ಗೊತ್ತಿತ್ತು

ಒಂದು ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಿದ್ದಾಗ ಫೋನಿಗೆ ನೋಟಿಫಿಕೇಶನ್ ಬಂತು. ನಾನೇ ತೆಗೆದ ಮೂರು ಫೋಟೋ, ಅದರ ಕೆಳಗೆ ಒಂದು ಊರಿನ ಹೆಸರು, ಪಕ್ಕದಲ್ಲಿ ‘ನಿಮ್ಮ ನೆನಪುಗಳು’ ಅಂತ. ಕಳಿಸಿದ್ದು ಫೋಟೋ ಕತ್ತರಿಸಲು, ಸೈಜ್ ಕಡಿಮೆ ಮಾಡಲು ಅಂತ ಇಟ್ಟುಕೊಂಡಿದ್ದ ಒಂದು ಆ್ಯಪ್. ಲೋಟ ಕೆಳಗಿಟ್ಟೆ. ಆ ಊರಿನ ಹೆಸರನ್ನು ನಾನು ಸುದ್ದಿಯಲ್ಲಿ ಬರೆದಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಆ ಆ್ಯಪ್‌ಗಂತೂ ಲೊಕೇಶನ್ ಅನುಮತಿಯನ್ನೇ ಕೊಟ್ಟಿರಲಿಲ್ಲ.

ಇದು 2021ರ ಬೇಸಿಗೆ ಶುರುವಾಗುವ ಮುಂಚಿನ ಮಾತು. ಆಗ ನನ್ನ ಹತ್ತಿರ ಇದ್ದದ್ದು 4,500 ರೂಪಾಯಿಗೆ ಕೊಂಡ ಸೆಕೆಂಡ್ ಹ್ಯಾಂಡ್ ಫೋನ್, ಆಂಡ್ರಾಯ್ಡ್ 8. ಸುದ್ದಿಗೆ ಇಷ್ಟು ಅಂತ ಎಣಿಸಿ ಕೊಡುವ ದುಡ್ಡಿನಲ್ಲಿ ಸ್ಟ್ರಿಂಗರ್ ಆದವನಿಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ತುಂಗಭದ್ರಾ ಹೊಳೆಯ ದಂಡೆಯ ಒಂದು ಊರಲ್ಲಿ ಹೊತ್ತು ಮುಳುಗುವಾಗ ಉಸುಕು ತುಂಬಿದ ಟಿಪ್ಪರ್‌ಗಳು ಓಡಾಡುತ್ತವೆ ಎಂದು ತಿಳಿಸಿದವರು ಅಲ್ಲಿನ ಒಬ್ಬ ರೈತ. ನಾನು ಅವರನ್ನು ಕಾಕಾ ಅನ್ನುತ್ತೇನೆ. ಅವರ ಹೊಲದ ಪಂಪ್‌ಸೆಟ್ ಮನೆಯ ಮೇಲೆ ಹತ್ತಿದರೆ ಹೊಳೆಗೆ ಇಳಿಯುವ ದಾರಿ ಪೂರ್ತಿ ಕಾಣುತ್ತದೆ. ಹತ್ತಲು ಬಿಡುವ ಮುಂಚೆ ಅವರು ಒಂದೇ ಮಾತು ಕೇಳಿದ್ದರು.

“ನನ್ನ ಹೆಸರು ಎಲ್ಲೂ ಬರಬಾರದು ನೋಡಪಾ. ನಾ ಇಲ್ಲೇ ಬಾಳೇವು ಮಾಡಬೇಕು.”

“ಹೆಸರಿನ ಮಾತ ಬ್ಯಾಡ ಕಾಕಾ, ಊರ ಹೆಸರೂ ಹಾಕಂಗಿಲ್ಲ” ಅಂದಿದ್ದೆ.

ಹಾಗೇ ನಡೆದುಕೊಂಡೆ. ಸುದ್ದಿಯಲ್ಲಿ ‘ನದಿ ಪಾತ್ರದ ಗ್ರಾಮವೊಂದರಲ್ಲಿ’ ಅಂತಷ್ಟೇ ಇತ್ತು. ಫೋನಿನ ವಿಚಾರದಲ್ಲೂ ನಾನು ಹುಷಾರಿನ ಮನುಷ್ಯ ಎಂದೇ ತಿಳಿದಿದ್ದೆ. ಮ್ಯಾಪ್ ಮತ್ತು ಕ್ಯಾಮೆರಾ ಬಿಟ್ಟು ಯಾವ ಆ್ಯಪ್ ಲೊಕೇಶನ್ ಕೇಳಿದರೂ ‘ನಿರಾಕರಿಸಿ’ ಒತ್ತುವುದೇ ರೂಢಿ. ನೋಟಿಫಿಕೇಶನ್ ಬಂದ ದಿನ ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ನೋಡಿದೆ. ಆ ಎಡಿಟಿಂಗ್ ಆ್ಯಪ್ ಎದುರು ಲೊಕೇಶನ್ ಬಟನ್ ಆಫ್ ಆಗಿಯೇ ಇತ್ತು.

ಡಿಪ್ಲೊಮಾದಲ್ಲಿ ಜೊತೆಗೆ ಓದಿದ ಗೆಳೆಯನೊಬ್ಬ ಬೆಂಗಳೂರಿನಲ್ಲಿದ್ದಾನೆ. ಫೋನ್ ಮಾಡಿದೆ. “ಫೋಟೋ ತೆರೆದು ಡೀಟೇಲ್ಸ್ ನೋಡು” ಅಂದ. ನೋಡಿದರೆ ತೆಗೆದ ದಿನ, ಗಂಟೆ, ಫೋನಿನ ಮಾಡೆಲ್, ಕೊನೆಯಲ್ಲಿ ಅಕ್ಷಾಂಶ ಮತ್ತು ರೇಖಾಂಶ. ಚುಕ್ಕಿಯ ನಂತರ ಉದ್ದಕ್ಕೆ ಅಂಕಿಗಳು. ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್. ಚುಕ್ಕಿಯ ನಂತರದ ಐದನೇ ಅಂಕಿಗೆ ಬಂದರೆ ಅದು ಹೆಚ್ಚುಕಡಿಮೆ ಒಂದು ಮೀಟರ್. ಆ ಎರಡು ಸಂಖ್ಯೆಗಳನ್ನು ಮ್ಯಾಪಿನಲ್ಲಿ ಹಾಕಿದೆ. ಕೆಂಪು ಗುರುತು ಊರಿನ ಮೇಲಲ್ಲ, ನೇರ ಕಾಕಾನ ಪಂಪ್‌ಸೆಟ್ ಮನೆಯ ಮೇಲೆ ಬಂದು ಕೂತಿತು.

ಕ್ಯಾಮೆರಾಗೆ ಲೊಕೇಶನ್ ಕೊಟ್ಟಿದ್ದು ನಾನೇ, ಫೋನ್ ಕೊಂಡ ಮೊದಲ ದಿನ, ಯೋಚಿಸದೆ. ಅದು ಪ್ರತಿ ಫೋಟೋದೊಳಗೂ ಜಾಗದ ಗುರುತು ಬರೆದಿಡುತ್ತಿತ್ತು. ಎಡಿಟಿಂಗ್ ಆ್ಯಪ್‌ಗೆ ಫೋಟೋ ನೋಡುವ ಅನುಮತಿ ಕೊಟ್ಟಿದ್ದೆ. ಕೊಡದೆ ಎಡಿಟ್ ಮಾಡುವುದು ಹೇಗೆ? ನಾನು ಎಲ್ಲಿದ್ದೆ ಎಂದು ನನ್ನನ್ನು ಕೇಳಿ ಬೇಡ ಅನ್ನಿಸಿಕೊಂಡಿದ್ದ ಆ್ಯಪ್, ಅದನ್ನೇ ಫೋಟೋದಿಂದ ಓದಿಕೊಂಡಿತ್ತು. ಅದನ್ನು ತಡೆಯಬೇಕಾದ ಆಪರೇಟಿಂಗ್ ಸಿಸ್ಟಂ ಸುಮ್ಮನೆ ನೋಡುತ್ತಾ ನಿಂತಿತ್ತು.

ಆಮೇಲೆ ಹುಡುಕಿ ಓದಿದಾಗ ತಿಳಿಯಿತು, ಇದು ನನ್ನೊಬ್ಬನ ಕಥೆಯಲ್ಲ. 2019ರಲ್ಲೇ ಅಮೆರಿಕದ ಬರ್ಕ್‌ಲಿಯ ಇಂಟರ್‌ನ್ಯಾಷನಲ್ ಕಂಪ್ಯೂಟರ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನವರು, ಕೆನಡಾ ಮತ್ತು ಸ್ಪೇನ್‌ನ ಸಂಶೋಧಕರ ಜೊತೆ ಸೇರಿ 88 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದ್ದರು. ಬಳಕೆದಾರ ಬೇಡ ಅಂದ ಮೇಲೂ ಆ್ಯಪ್‌ಗಳು ಯಾವ ಯಾವ ಕಳ್ಳದಾರಿಯಿಂದ ಮಾಹಿತಿ ಪಡೆಯುತ್ತವೆ ಎಂಬುದೇ ಅವರ ಹುಡುಕಾಟ. ಫೋಟೋದೊಳಗಿನ ಜಾಗದ ಗುರುತು ಅದರಲ್ಲಿ ಒಂದು. ಮನೆಯ ವೈಫೈ ಪೆಟ್ಟಿಗೆಗೆ ತನ್ನದೇ ಒಂದು ವಿಳಾಸ ಸಂಖ್ಯೆ ಇರುತ್ತದೆ, ಯಾವ ಸಂಖ್ಯೆಯ ಪೆಟ್ಟಿಗೆ ಎಲ್ಲಿದೆ ಎಂಬ ಪಟ್ಟಿಗಳೂ ಇವೆ. ಆ ಸಂಖ್ಯೆ ಓದಿ ಜಾಗ ತಿಳಿಯುವುದು ಇನ್ನೊಂದು ದಾರಿ.

ನನಗೆ ಬಹಳ ಸಿಟ್ಟು ಬಂದದ್ದು ಮತ್ತೊಂದು ದಾರಿಯ ಬಗ್ಗೆ ಓದಿದಾಗ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ ನಂಬರ್ ಬರುತ್ತದಲ್ಲ, ಫೋನ್ ಕಳೆದಾಗ ಪೊಲೀಸರು ಕೇಳುವುದು, ಅದನ್ನು ಓದಲು ಆ್ಯಪ್‌ಗೆ ಅನುಮತಿ ಬೇಕಿತ್ತು. ಚೀನಾದ ಬೈದು ಕಂಪನಿಯ ಕೋಡ್ ಇರುವ ಆ್ಯಪ್‌ಗಳಲ್ಲಿ, ಅನುಮತಿ ಸಿಕ್ಕ ಒಂದು ಆ್ಯಪ್ ಆ ನಂಬರನ್ನು ಓದಿ ಫೋನಿನ ಮೆಮೊರಿಯಲ್ಲಿ ಒಂದು ಫೈಲ್ ಮಾಡಿ ಇಡುತ್ತಿತ್ತು. ಅದೇ ಕೋಡ್ ಇರುವ, ಅನುಮತಿ ಸಿಗದ ಇನ್ನೊಂದು ಆ್ಯಪ್ ಬಂದು ಆ ಫೈಲ್ ಓದಿಕೊಳ್ಳುತ್ತಿತ್ತು. ಮನೆಯೊಳಗೆ ಬಿಟ್ಟುಕೊಂಡವನು ಹೋಗುವಾಗ ಕಟ್ಟೆಯ ಮೇಲೆ ಚೀಟಿ ಬರೆದಿಟ್ಟು ಹೋಗುತ್ತಾನೆ, ನೀವು ಬಾಗಿಲಲ್ಲೇ ವಾಪಸ್ ಕಳಿಸಿದವನು ಅದನ್ನು ಓದಿಕೊಂಡು ಹೋಗುತ್ತಾನೆ.

ಸಂಶೋಧಕರು ಇದನ್ನೆಲ್ಲ ಗೂಗಲ್‌ಗೆ ತಿಳಿಸಿದ್ದರು. ರಿಪೇರಿಯೂ ಆಯಿತು. ಫೋಟೋದೊಳಗಿನ ಜಾಗದ ಗುರುತು ಬೇಕಾದರೆ ಆ್ಯಪ್ ಅದಕ್ಕೆ ಪ್ರತ್ಯೇಕ ಅನುಮತಿ ಪಡೆಯಬೇಕು ಎಂಬ ನಿಯಮ ಬಂತು. ಆದರೆ ಬಂದದ್ದು ಆಂಡ್ರಾಯ್ಡ್ 10ರಲ್ಲಿ, 2019ರ ಸೆಪ್ಟೆಂಬರ್‌ನಲ್ಲಿ. ನನ್ನದು 8. ಅಂದರೆ ಬಾಗಿಲಿಗೆ ಚಿಲಕ ಹಾಕಿದ್ದಾರೆ, ಹೊಸ ಮನೆ ಕಟ್ಟಿದವರ ಬಾಗಿಲಿಗೆ. ಹೊಸ ಫೋನ್ ಕೊಳ್ಳುವವನ ‘ಬೇಡ’ಕ್ಕೆ ಒಂದು ಬೆಲೆ, 4,500 ರೂಪಾಯಿ ಫೋನಿನವನ ‘ಬೇಡ’ಕ್ಕೆ ಇನ್ನೊಂದು.

ಹಳೆ ಫೋನಿಗೆ ಏನೂ ಮಾಡಲು ಬರುವುದಿಲ್ಲ ಅಂತಲ್ಲ. ಅದೇ 2019ರ ನವೆಂಬರ್‌ನಲ್ಲಿ ಚೆಕ್‌ಮಾರ್ಕ್ಸ್ ಎಂಬ ಭದ್ರತಾ ಕಂಪನಿ ಇನ್ನೊಂದು ದೋಷ ಬಯಲು ಮಾಡಿತು. ಗೂಗಲ್‌ನ ಪಿಕ್ಸೆಲ್ ಫೋನಿನ ಕ್ಯಾಮೆರಾ ಆ್ಯಪ್‌ನಲ್ಲಿ ಇದ್ದ ದೋಷ ಅದು, ಸ್ಯಾಮ್‌ಸಂಗ್ ಕ್ಯಾಮೆರಾದಲ್ಲೂ ಇತ್ತು. ಕ್ಯಾಮೆರಾ ಅನುಮತಿಯೇ ಇಲ್ಲದ, ಬರೀ ಫೈಲ್ ನೋಡುವ ಅನುಮತಿ ಇದ್ದ ಆ್ಯಪ್ ಕೂಡ ಫೋಟೋ, ವಿಡಿಯೋ ತೆಗೆಸಬಹುದಿತ್ತು, ಪರದೆ ಲಾಕ್ ಆಗಿದ್ದಾಗಲೂ. ಗೂಗಲ್ ಅದರ ರಿಪೇರಿಯನ್ನು ಪ್ಲೇ ಸ್ಟೋರ್ ಮೂಲಕ ಕ್ಯಾಮೆರಾ ಆ್ಯಪ್‌ನ ಅಪ್‌ಡೇಟ್ ಆಗಿ ಕಳಿಸಿತು, ಫೋನ್ ಬದಲಿಸಬೇಕಾಗಲಿಲ್ಲ. ದೋಷ ಆ್ಯಪ್‌ನಲ್ಲಿದ್ದರೆ ಅಷ್ಟರಲ್ಲಿ ಮುಗಿಯುತ್ತದೆ. ಆಪರೇಟಿಂಗ್ ಸಿಸ್ಟಂನ ಬುನಾದಿಯಲ್ಲಿದ್ದರೆ ಫೋನ್ ಕಂಪನಿಯವರು ಅಪ್‌ಡೇಟ್ ಕೊಡಬೇಕು, ಎರಡು-ಮೂರು ವರ್ಷ ದಾಟಿದ ಅಗ್ಗದ ಫೋನಿನ ಕಡೆ ಅವರು ತಿರುಗಿ ನೋಡುವುದು ಕಡಿಮೆ.

ಐಫೋನ್ ಇಟ್ಟುಕೊಂಡವರು ಇದನ್ನು ಓದಿ ನಗಬೇಕಿಲ್ಲ. ಫೋನಿನ ನಿಜವಾದ ವೈಫೈ ವಿಳಾಸ ಬಚ್ಚಿಡುತ್ತೇವೆ ಅಂತ 2020ರಲ್ಲಿ ಆ್ಯಪಲ್ ಒಂದು ಸೌಲಭ್ಯ ಕೊಟ್ಟಿತು. ಅದು ಬಟನ್ ಆನ್ ಇದ್ದರೂ ನಿಜ ವಿಳಾಸವನ್ನು ಬಿಟ್ಟುಕೊಡುತ್ತಿತ್ತು, ಸರಿಮಾಡಿದ್ದು 2023ರ ಅಕ್ಟೋಬರ್‌ನಲ್ಲಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದನ್ನು ಫೋನಿನ ತಲೆಗೆ ಕಟ್ಟಲಾರೆ. ಆ್ಯಪ್ ಊರು ಓದಿಕೊಂಡಿದ್ದು ಒಂದು ಕಡೆ. ನಾನು ಮೂಲ ಫೋಟೋವನ್ನೇ ಕಚೇರಿಗೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ್ದೆ, ಅಚ್ಚಿನಲ್ಲಿ ಮಸುಕಾಗಬಾರದು ಅಂತ. ಸಾಮಾನ್ಯ ಫೋಟೋ ಆಗಿ ಕಳಿಸಿದರೆ ವಾಟ್ಸ್ಆ್ಯಪ್ ಒಳಗಿನ ಗುರುತನ್ನು ಅಳಿಸುತ್ತದೆ, ಡಾಕ್ಯುಮೆಂಟ್ ಆದರೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಕಚೇರಿಯಿಂದ ಆ ಫೈಲ್ ಪ್ರತಿಕ್ರಿಯೆಗೆ ಅಂತ ಸಂಬಂಧಪಟ್ಟವರಿಗೆ ಹೋಗಿತ್ತು. ಅಲ್ಲಿಂದ ಎಷ್ಟು ಕೈ ದಾಟಿತೋ.

ಮ್ಯಾಪ್ ನೋಡಿದ ದಿನ ಸಂಜೆಯೇ ಬೈಕ್ ಹತ್ತಿ ಕಾಕಾನ ಹತ್ತಿರ ಹೋದೆ. ನಾನು ಬಾಯಿ ಬಿಡುವ ಮುಂಚೆ ಅವರೇ ಹೇಳಿದರು.

“ಮೊನ್ನೆ ಇಬ್ರು ಬಂದಿದ್ರಪಾ. ಆವತ್ತ ಪಂಪ್‌ಸೆಟ್ ಮನೀ ಕಡೆ ಯಾರ ಬಂದಿದ್ರು ಅಂತ ಕೇಳಿದ್ರು. ನೀರ ಹಾಯ್ಸಾಕ ನಾನೇ ಬಂದಿದ್ದೆ ಅಂದೆ.”

ನನ್ನ ಬೈಕ್ ಯಾರೋ ಕಂಡಿರಬಹುದು. ಫೋಟೋ ನೋಡಿದ ಕೂಡಲೇ ಇದು ಯಾವ ಹೊಲದ ಕಡೆಯಿಂದ ತೆಗೆದದ್ದು ಎಂದು ಊರವರಿಗೆ ಹೊಳೆದಿರಬಹುದು. ಆ ಅಂಕಿಗಳಿಂದಲೇ ಅಂತ ನನ್ನ ಬಳಿ ಪುರಾವೆ ಇಲ್ಲ. ಆದರೂ ಎಲ್ಲವನ್ನೂ ಕಾಕಾನಿಗೆ ಹೇಳಿದೆ. ಅವರು ಇಟ್ಟಿರುವುದು ಬಟನ್ ಫೋನ್. ಅಕ್ಷಾಂಶ, ರೇಖಾಂಶ ಎಂದು ನಾನು ಬಿಡಿಸಿ ಹೇಳುವುದನ್ನು ಸ್ವಲ್ಪ ಹೊತ್ತು ಕೇಳಿ, “ಆಫ್ ಮಾಡಿದ್ಯಾ ಇಲ್ಲ, ಅದನ್ನ ಹೇಳು” ಅಂದರು.

“ಆಫ್ ಮಾಡಿದ್ದೆ ಕಾಕಾ.”

“ಮತ್ತ?”

ಆ ‘ಮತ್ತ’ಕ್ಕೆ ಉತ್ತರ ಹೇಳಲು ನನಗೆ ಅರ್ಧ ಗಂಟೆ ಬೇಕಾಯಿತು. ಆವತ್ತಿನಿಂದ ಕ್ಯಾಮೆರಾದ ಸೆಟ್ಟಿಂಗ್ಸ್ ಒಳಗೇ ಹೋಗಿ ಲೊಕೇಶನ್ ಟ್ಯಾಗ್ ಆಫ್ ಮಾಡಿ ಇಟ್ಟಿದ್ದೇನೆ. ನೀವೂ ಒಮ್ಮೆ ನೋಡಿಕೊಳ್ಳಿ, ಫೋನಿನ ಸೆಟ್ಟಿಂಗ್ಸ್ ಅಲ್ಲ, ಕ್ಯಾಮೆರಾ ತೆರೆದು ಅದರೊಳಗಿನ ಸೆಟ್ಟಿಂಗ್ಸ್. ಗುರುತೇ ಬರೆಯದಿದ್ದರೆ ಓದಲು ಏನೂ ಇರುವುದಿಲ್ಲ. ಹಳೆಯ ಫೋಟೋಗಳಲ್ಲಿ ಇರುವುದು ಮಾತ್ರ ಇದ್ದೇ ಇರುತ್ತದೆ. ಮೂಲದ ಜಾಗ ತಿಳಿಯಬಾರದ ಸುದ್ದಿ ಇದ್ದರೆ ಫೋಟೋದ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಕಳಿಸುತ್ತೇನೆ. ಕಚೇರಿಯವರು ಕ್ಲಾರಿಟಿ ಇಲ್ಲ ಅಂತ ಬೈಯುತ್ತಾರೆ, ಬೈಸಿಕೊಳ್ಳುತ್ತೇನೆ.

ಹೊರಡುವಾಗ ಕಾಕಾನ ಮೊಮ್ಮಗ ತನ್ನ ಫೋನ್ ತಂದು “ಅಣ್ಣಾ, ನಂದೂ ನೋಡ್ರಿ” ಅಂದ. ಪಿಯುಸಿ ಹುಡುಗ, ಆನ್‌ಲೈನ್ ಕ್ಲಾಸಿಗೆ ಅಂತ ಕೊಡಿಸಿದ ಫೋನ್. ಆಂಡ್ರಾಯ್ಡ್ 9. ಕ್ಯಾಮೆರಾದ ಟ್ಯಾಗ್ ಆಫ್ ಮಾಡಿಕೊಟ್ಟೆ. ಆಮೇಲೆ ಸಿಸ್ಟಂ ಅಪ್‌ಡೇಟ್ ಒತ್ತಿ ಇಬ್ಬರೂ ಕಾದೆವು. ಸ್ವಲ್ಪ ಹೊತ್ತು ಗುಂಡಗೆ ಸುತ್ತಿತು. ಆಮೇಲೆ ಹಸಿರು ಟಿಕ್ ಜೊತೆ ಬಂತು: ‘ನಿಮ್ಮ ಫೋನ್ ಅಪ್‌ಡೇಟ್ ಆಗಿದೆ.’