ಬೀಗದ ಕೈ

ಕೊಡುವುದು ಸುಲಭ, ಹಿಂದಕ್ಕೆ ಪಡೆಯುವುದು ಕಷ್ಟ ಎಂಬ ಮಾತು ಸಾಲಕ್ಕೆ ಮಾತ್ರ ಸಲ್ಲುತ್ತದೆಂದು ನಂಬಿದ್ದೆ. ಬೀಗದ ಕೈಗೂ ಸಲ್ಲುತ್ತದೆಂದು ಈಚೆಗೆ ತಿಳಿಯಿತು.

ನಮ್ಮ ಮನೆಯ ಬೀಗಕ್ಕೆ ಮೂರು ಕೈಗಳಿದ್ದವು. ಒಂದು ನನ್ನಲ್ಲಿ, ಒಂದು ಮಗಳಲ್ಲಿ, ಮೂರನೆಯದು ಪಕ್ಕದ ಮನೆಯ ಅಜ್ಜಿಯಲ್ಲಿ. ನಾವು ಊರಿಗೆ ಹೋದಾಗ ಹಿತ್ತಲಿನ ತುಳಸಿಗೆ ನೀರೆರೆಯುವವರು ಅವರೇ. ಕಳೆದ ತಿಂಗಳು ನನ್ನ ಬೀಗದ ಕೈ ಬಸ್ಸಿನಲ್ಲಿ ಬಿದ್ದುಹೋಯಿತು. ಅಂದೇ ಬೀಗ ಬದಲಾಯಿಸಿದೆ. ಮಾರನೆಯ ದಿನ ಊರಿಗೆ ಹೊರಟೆವು. ಅಜ್ಜಿಗೆ ಹೇಳಲು ಮರೆತೆ. ಮೂರು ದಿನವೂ ಅವರು ಚೊಂಬು ಹಿಡಿದು ಬಂದು, ಹಳೆಯ ಕೈಯನ್ನು ತಿರುವಿ ತಿರುವಿ ನೋಡಿ, ಹಿಂದಿರುಗಿದರಂತೆ. ನಾನು ಬಂದಾಗ ಅದನ್ನು ನನ್ನ ಮುಂದಿಟ್ಟು, "ಇದು ಇನ್ನು ನನಗೇಕಪ್ಪ?" ಎಂದರು. ಅಷ್ಟೇ.

ಎಂಜಿನಿಯರಿಂಗ್ ಓದುತ್ತಿರುವ ಮಗಳು, "ಅಪ್ಪ, ಸೆನ್ಸರ್‌ಗಳ ಲೋಕದಲ್ಲೂ ಇದೇ ಗೋಳು" ಎಂದಳು. ಬಯಲಿನಲ್ಲಿ ಬಿಸಿಲು, ತೇವಗಳನ್ನು ಅಳೆದು, ತಂತಿಯಿಲ್ಲದೆ ಒಂದಕ್ಕೊಂದು ಸುದ್ದಿ ಮುಟ್ಟಿಸುವ ಪುಟ್ಟ ಯಂತ್ರಗಳವು. ೨೦೦೨ರಲ್ಲಿ ಅಮೆರಿಕದ ಮೇನ್ ರಾಜ್ಯದ ಗ್ರೇಟ್ ಡಕ್ ದ್ವೀಪದಲ್ಲಿ ಕಡಲಹಕ್ಕಿಗಳ ಗೂಡುಗಳನ್ನು ಗಮನಿಸಲು ಇಂಥ ೩೨ ಯಂತ್ರಗಳನ್ನು ಇರಿಸಿದ್ದರು. ಹಕ್ಕಿಗೂಡಿನ ಸುದ್ದಿಯನ್ನು ಯಾರು ಕದ್ದು ಕೇಳಿದರೇನು? ಆದರೆ ಗಡಿ ಕಾಯುವ ಯಂತ್ರಕ್ಕೆ ಗುಟ್ಟು ಬೇಕು. ಆ ಗುಟ್ಟಿನ ಅಂಕಿಗಳಿಗೆ ವಿಜ್ಞಾನಿಗಳು ಇಟ್ಟ ಹೆಸರೂ 'ಕೀ' ಎಂದೇ.

ಅದೇ ವರ್ಷ ಎಶೆನಾವರ್ ಮತ್ತು ಗ್ಲಿಗೋರ್ ಎಂಬ ವಿದ್ವಾಂಸರು ಒಂದು ಉಪಾಯ ಸೂಚಿಸಿದರು. ದೊಡ್ಡ ರಾಶಿಯಿಂದ ಪ್ರತಿ ಯಂತ್ರಕ್ಕೂ ಕಣ್ಣುಮುಚ್ಚಿ ಒಂದೊಂದು ಗೊಂಚಲು ಕೀಗಳನ್ನು ಕೊಟ್ಟುಬಿಡುವುದು. ರಾಶಿಯಲ್ಲಿ ೧೦,೦೦೦ ಇದ್ದು ಗೊಂಚಲಿಗೆ ೮೩ ಬಂದರೆ, ಯಾವುದೇ ಎರಡು ಯಂತ್ರಗಳಲ್ಲಿ ಒಂದೇ ಕೀ ಇರುವ ಸಂಭವ ಅರ್ಧಕ್ಕರ್ಧ. ಇದ್ದರೆ ಅವು ಗುಟ್ಟಾಗಿ ಮಾತನಾಡಬಹುದು.

ಕಾವಲಿಲ್ಲದ ಬಯಲಲ್ಲವೇ? ಒಂದು ಯಂತ್ರ ಕಳ್ಳನ ಕೈಸೇರಿತೆನ್ನಿ. ಆಗ ಯಜಮಾನ ಯಂತ್ರವು ಅದರ ಗೊಂಚಲಿನ ಪಟ್ಟಿಗೆ ರುಜು ಹಾಕಿ ಎಲ್ಲಕ್ಕೂ ಸಾರುತ್ತದೆ: ಈ ಕೀಗಳನ್ನು ಅಳಿಸಿಹಾಕಿ. ಕಳ್ಳನಿಗೆ ಬಾಗಿಲು ಮುಚ್ಚಿತು, ನಿಜ. ಆದರೆ ಅವೇ ಕೀಗಳಿಂದ ಮಾತನಾಡುತ್ತಿದ್ದ, ಏನೂ ತಪ್ಪು ಮಾಡದ ನೆರೆಹೊರೆಯ ನಂಟೂ ಕಡಿಯುತ್ತದೆ. ಅವು ಮಿಕ್ಕ ಕೀಗಳಲ್ಲಿ ಹೊಸ ದಾರಿ ಹುಡುಕಿಕೊಳ್ಳಬೇಕು.

"ಇದಕ್ಕೆ ಬೇರೆ ಉಪಾಯವಿಲ್ಲವೇ?" ಎಂದೆ. "ನಷ್ಟ ಕಡಿಮೆ ಮಾಡಬಹುದು, ಅಪ್ಪ. ಅಂತೂ ಎಲ್ಲಕ್ಕೂ ಸಾರಿ ಹೇಳಲೇಬೇಕು" ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಬೀಗದ ಕೈ ಕಳೆದವನು ನಾನು. ದಂಡ ತೆತ್ತವರು ಅಜ್ಜಿ. ಯಂತ್ರವಾದರೂ ಸಾರಿ ಹೇಳುತ್ತದೆ. ನಾನು ಅಷ್ಟನ್ನೂ ಮಾಡಲಿಲ್ಲ.

ಸಂಜೆ ಹೊಸ ಕೈಯನ್ನು ಒಯ್ದು, ತಪ್ಪಾಯಿತೆಂದು ಹೇಳಿ ಕೊಟ್ಟೆ. ಅಜ್ಜಿ ತೆಗೆದುಕೊಂಡರು. ಹಳೆಯದನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದರು. ಇದನ್ನು ಗೋಡೆಯ ಗೂಡಿನಲ್ಲಿಟ್ಟರು.