ಅಳತೆ ಬದಲಾಗುವ ಹೊತ್ತು

ದಾವಣಗೆರೆಯ ಮಂಡಿಯೊಂದರಲ್ಲಿ ಎಳೆಯ ವಯಸ್ಸಿನಿಂದ ಲೆಕ್ಕ ಬರೆದ ಹಿರಿಯರೊಬ್ಬರು ಈಗ ಹರಿಹರದಲ್ಲಿ ವಿಶ್ರಾಂತ ಜೀವನ ನಡೆಸುತ್ತಿದ್ದಾರೆ. 1956ರ ಕಾಯಿದೆಯಂತೆ 1958ರಿಂದ ಹಂತಹಂತವಾಗಿ ಸೇರು ಮಣಗಳು ಹೋಗಿ ಕಿಲೋಗ್ರಾಂ ಬಂದ ಕಾಲವನ್ನು ಅವರು ಬಲ್ಲರು. ಒಂದೇ ರಾಶಿಯ ಅರ್ಧವನ್ನು ಹಳೆಯ ಅಳತೆಯಲ್ಲಿಯೂ ಉಳಿದರ್ಧವನ್ನು ಹೊಸದರಲ್ಲಿಯೂ ಎಣಿಸಿ ಕೂಡಿಸಿದರೆ, ಕಾಳು ಕೆಡದಿದ್ದರೂ ಲೆಕ್ಕ ಕೆಡುತ್ತದೆ ಎಂಬುದು ಅವರ ಅನುಭವದ ಮಾತು.

ಮೊಮ್ಮಗ ಗಣಕಶಾಸ್ತ್ರದ ವಿದ್ಯಾರ್ಥಿ. ಒಂದು ಸಂಜೆ ಅವನೆಂದ: "ಅಜ್ಜಾ, ನಿಮ್ಮ ಮಂಡಿಯ ತೊಡಕು ನಮ್ಮ ಗಣಕಯಂತ್ರದಲ್ಲೂ ಉಂಟು."

ಡಿಸ್ಕಿನೊಡನೆ ಕೊಡುಕೊಳೆ ನಡೆಯುವುದು ಒಂದೊಂದೇ ಅಕ್ಷರವಾಗಿ ಅಲ್ಲ. 'ಬ್ಲಾಕ್' ಎಂಬ ಕೊಳಗದಿಂದ. ಬಹುಕಾಲ 512 ಬೈಟಿನ ಕೊಳಗವೇ ರೂಢಿಯಲ್ಲಿತ್ತು; 2010ರ ಸುಮಾರಿಗೆ 4096 ಬೈಟಿನದು ಬಳಕೆಗೆ ಬಂದಿತು. ಹೊರಗೆ 512 ಎಂದು ಹೇಳಿಕೊಂಡು ಒಳಗೆ 4096ರಲ್ಲಿ ಬರೆದಿಡುವ ಡಿಸ್ಕುಗಳೂ ಉಂಟು. ಹರಿಹರೇಶ್ವರನ ಗುಡಿಯಲ್ಲಿ ಒಂದೇ ವಿಗ್ರಹದಲ್ಲಿ ಎರಡು ರೂಪಗಳನ್ನು ಕಂಡವರಿಗೆ ಇದು ಸೋಜಿಗವಲ್ಲ.

ಈ ವ್ಯವಹಾರದ ಪಾರುಪತ್ಯ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲಿನದು. ಲಿನಕ್ಸಿನಲ್ಲಿ 'ಎಕ್ಸ್ಟ್4' ಎಂಬ ಕಡತವ್ಯವಸ್ಥೆಯನ್ನು ತೆರೆಯುವಾಗ, ಸಾಮಾನ್ಯವಾಗಿ 1024 ಬೈಟಿನ ಬ್ಲಾಕೆಂದು ಊಹಿಸಿ ಅದರ ಶಿರೋಲೇಖವನ್ನು ಓದಲಾಗುತ್ತದೆ. ಅಲ್ಲಿ 4096 ಎಂದಿದ್ದರೆ, ಅಳತೆಯನ್ನು ಬದಲಿಸಿ ಅದೇ ಲೇಖವನ್ನು ಮರಳಿ ಓದಬೇಕು. ಓಲೆಗರಿ ಹಿಡಿದವನು ಮೊದಲ ಪದ್ಯದಿಂದ ಛಂದಸ್ಸನ್ನರಿತು, ಗಣವಿಭಾಗ ಮಾಡಿ ಮತ್ತೆ ಮೊದಲಿನಿಂದ ಓದುವಂತೆಯೇ ಇದು. ಅಳತೆ ಬದಲಿಸುವಾಗ ಕರ್ನಲ್ ಬಾಕಿಯುಳಿದ ಬರಹವನ್ನೆಲ್ಲ ಡಿಸ್ಕಿಗೆ ತಲುಪಿಸಿ, ಹಳೆಯ ಅಳತೆಯಲ್ಲಿ ಸ್ಮೃತಿಯಲ್ಲಿಟ್ಟ ಪ್ರತಿಗಳನ್ನು ತೊಡೆದುಹಾಕುತ್ತದೆ.

"ಸರಿ, ಹಳೆಯ ಬಾಕಿ ಚುಕ್ತಾ ಆಯಿತು. ಆದರೆ ಅದೇ ಗಳಿಗೆಯಲ್ಲಿ ಇನ್ನೊಬ್ಬ ಅಳೆಯುತ್ತಿದ್ದರೆ ಏನು ಗತಿ, ತಮ್ಮಾ?" ಎಂದರು ಅಜ್ಜ.

2012ರಲ್ಲಿ ಲಿನಕ್ಸ್ ಕರ್ತರನ್ನು ಕಾಡಿದ ಪ್ರಶ್ನೆಯೂ ಇದೇ. ಒಂದು ಕಾರ್ಯ ಡಿಸ್ಕನ್ನು ಓದುತ್ತಿರುವಾಗಲೇ ಇನ್ನೊಂದು ಅಳತೆಯನ್ನು ಬದಲಿಸಿದರೆ ಕರ್ನಲೇ ಕುಸಿಯಬಹುದಾಗಿತ್ತು. ಮೊದಲು ಸೂಚಿತವಾದ ಪರಿಹಾರ ಬೀಗದ್ದು: ಓದುವವರು, ಬರೆಯುವವರು ಎಲ್ಲರೂ ಅದನ್ನು ದಾಟಿಯೇ ಹೋಗಬೇಕು. ಅಪರೂಪಕ್ಕೊಮ್ಮೆ ನಡೆಯುವ ಬದಲಾವಣೆಗಾಗಿ ನಿತ್ಯದ ವ್ಯವಹಾರಕ್ಕೆಲ್ಲ ಸುಂಕ ವಿಧಿಸಿದಂತಾಯಿತು. ಆ ವರ್ಷದ ಕೊನೆಯಲ್ಲಿ ಲಿನಸ್ ಟೋರ್ವಾಲ್ಡ್ಸ್ ಬೇರೆ ದಾರಿ ಹಿಡಿದರು. ಸ್ಮೃತಿಯ ಆಯಾ ಪುಟಕ್ಕಷ್ಟೇ ಬೀಗ. ಪುಟದಲ್ಲಿ ಆಗಲೇ ಬ್ಲಾಕುಗಳ ವಿಭಾಗವಾಗಿದ್ದರೆ ಅವುಗಳ ಅಳತೆಯೇ ಪ್ರಮಾಣ. ಆಗಿರದಿದ್ದರೆ ಮಾತ್ರ ಡಿಸ್ಕಿನ ಪ್ರಚಲಿತ ಅಳತೆಯನ್ನು ಒಮ್ಮೆ ನೋಡಿಕೊಳ್ಳತಕ್ಕದ್ದು.

ಅಜ್ಜ ನಕ್ಕರು. "ಇದಕ್ಕಾಗಿ ಪೇಟೆಯನ್ನೆಲ್ಲ ಮುಚ್ಚುವುದೇಕೆ? ಯಾವ ಅಳತೆಯ ಚೀಲವೆಂದು ಚೀಲದ ಮೇಲೆಯೇ ಗುರುತಿದ್ದರೆ ಸಾಕು. ನಾವೂ ಹಾಗೆಯೇ ಮಾಡಿದೆವು."

ಹೊಸ ಅಳತೆ ಬರುವುದು ಲೋಕದ ನಡೆ. ಹಳೆಯದನ್ನು ಹಳೆಯ ಅಳತೆಯಲ್ಲೇ ಮುಗಿಸಿ, ಹೊಸದನ್ನು ಹೊಸ ಅಳತೆಯಲ್ಲಿ ತೊಡಗುವವನ ಲೆಕ್ಕ ತಪ್ಪದು.